ಮಗಳನ್ನು ಅಜ್ಜಿ ಹತ್ತಿರ ಬಿಟ್ಟು ಹೋಗಬೇಕಾ?

ಪ್ರಶ್ನೆ: ನಾವು ಉಡುಪಿಯವರು. ಗಂಡ ಆರು ತಿಂಗಳ ಹಿಂದೆ ಕೆಲಸಕ್ಕೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋದರು. ಅಲ್ಲಿ ಇದ್ದು ಕೆಲಸ ಮಾಡುವ ಪರವಾನಗಿ, ಬ್ಲೂ ಕಾರ್ಡ್ ಸಿಕ್ಕಿದೆ. ಏಪ್ರಿಲ್ ಕೊನೆಗೆ ನಾನೂ ಮಕ್ಕಳೂ ಹೋಗಬೇಕು. ಮಗಳಿಗೆ ಅಕ್ಟೋಬರ್‌ನಲ್ಲಿ ಆರು ತುಂಬಿತು, ಈಗ ಒಂದನೇ ಕ್ಲಾಸ್. ಮಗನಿಗೆ ಮೂರು ವರ್ಷ, ಮಾತು ಸ್ವಲ್ಪ ಕಮ್ಮಿ. ನಾನು ಕುಂದಾಪುರದವಳು, ಮಕ್ಕಳ ಹತ್ತಿರ ಕನ್ನಡವೇ. ಗಂಡ ಮತ್ತು ಅತ್ತೆ ತುಳು ಮಾತಾಡುತ್ತಾರೆ. ಮಗಳಿಗೆ ಅಜ್ಜಿ ಅಂದ್ರೆ ಪ್ರಾಣ. ‘ನಾನು ಬರುವುದೇ ಇಲ್ಲ’ ಅನ್ನುತ್ತಾಳೆ. ಅತ್ತೆಯೂ ‘ಅವಳು ಒಂದು ವರ್ಷ ಇಲ್ಲೇ ಇರಲಿ, ನೀವು ಮೊದಲು ಸೆಟಲ್ ಆಗಿ’ ಅನ್ನುತ್ತಾರೆ. ಮಕ್ಕಳ ಹತ್ತಿರ ಇನ್ನು ಇಂಗ್ಲಿಷ್ ಮಾತ್ರ ಮಾತಾಡಿ ಎಂದು ಕೆಲವರ ಸಲಹೆ. ನಾನು ಸಹಕಾರಿ ಸೊಸೈಟಿಯ ಕೆಲಸ ಬಿಡುತ್ತಿದ್ದೇನೆ. ಸುಮ್ನೆ ಕೂತರೆ ಹೆದರಿಕೆ ಆಗುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮನ್ನು ಜಾಸ್ತಿ ಕಾಡುತ್ತಿರುವ ವಿಷಯಕ್ಕೆ ನೇರ ಬರುತ್ತೇನೆ. ಮಗಳನ್ನು ಬಿಟ್ಟು ಹೋಗಬೇಡಿ. ಮಕ್ಕಳಿಬ್ಬರೂ ನಿಮ್ಮ ಜೊತೆಗೇ ಹೊರಡಲಿ.

ಅತ್ತೆಯವರ ಮಾತಿನಲ್ಲಿ ಪ್ರೀತಿ ಉಂಟು, ಅನುಭವವೂ ಉಂಟು. ನಮ್ಮ ಕರಾವಳಿಗೆ ಇದೇನು ಹೊಸತಲ್ಲ. ಅಪ್ಪ ಬೊಂಬಾಯಿಯಲ್ಲಿ, ಆಮೇಲೆ ಮಸ್ಕತ್‌ನಲ್ಲಿ, ಕುವೈತ್‌ನಲ್ಲಿ. ಮಕ್ಕಳು ಊರಲ್ಲಿ ಅಜ್ಜಿಯ ಕಣ್ಣಳತೆಯಲ್ಲಿ. ಹಾಗೆ ಬೆಳೆದು ಚೆನ್ನಾಗಿಯೇ ಇರುವವರು ನಮ್ಮ ಸುತ್ತ ಎಷ್ಟು ಜನ ಇಲ್ಲ? ಆದರೆ ಆ ಮನೆಗಳಲ್ಲಿ ಸಾಮಾನ್ಯವಾಗಿ ಮಕ್ಕಳೆಲ್ಲ ಒಟ್ಟಿಗೆ ಊರಲ್ಲೇ ಇರುತ್ತಿದ್ದರು, ಹೆಚ್ಚಾಗಿ ಅಮ್ಮನೂ ಇರುತ್ತಿದ್ದಳು. ನಿಮ್ಮಲ್ಲಿ ತಮ್ಮ ವಿಮಾನ ಹತ್ತುತ್ತಾನೆ, ಅಕ್ಕ ಉಳಿಯುತ್ತಾಳೆ. ‘ನಿನ್ನ ಒಳ್ಳೆಯದಕ್ಕೇ’ ಎಂದು ನೀವು ಎಷ್ಟೇ ಹೇಳಿ, ಆರು ವರ್ಷದ ಮಗು ತನ್ನದೇ ಕಾರಣ ಹುಡುಕಿಕೊಳ್ಳುತ್ತದೆ. ‘ನಾನು ಹಠ ಮಾಡಿದೆ, ಅದಕ್ಕೇ ಬಿಟ್ಟು ಹೋದರು.’ ಬಾಯಿಬಿಟ್ಟು ಹೇಳುವುದೂ ಇಲ್ಲ. ಒಂದು ವರ್ಷ ಕಳೆದ ಮೇಲೆ ಅವಳು ಅಜ್ಜಿಯನ್ನು ಬಿಡುವ ಸಂಕಟವನ್ನಂತೂ ಪಡಲೇಬೇಕು. ಜೊತೆಗೆ ಅಷ್ಟರಲ್ಲಿ ತಮ್ಮ ಜರ್ಮನ್ ಮಾತಾಡುತ್ತಿರುತ್ತಾನೆ, ಆ ಮನೆಗೆ ಒಂದು ದಿನಚರಿ ಬಂದಿರುತ್ತದೆ. ಇವಳು ತನ್ನ ಮನೆಗೇ ನೆಂಟರ ಹಾಗೆ ಹೋಗಿ ಸೇರಬೇಕು.

‘ನಾನು ಬರುವುದಿಲ್ಲ’ ಅನ್ನುವುದನ್ನು ಅವಳ ತೀರ್ಮಾನ ಅಂದುಕೊಳ್ಳಬೇಡಿ. ಅದು ಅವಳ ಬೇಜಾರು. ‘ಬರ್ತೀಯಾ, ಇಲ್ಲೇ ಇರ್ತೀಯಾ?’ ಎಂದು ಕೇಳುವುದನ್ನು ಇವತ್ತಿಗೇ ನಿಲ್ಲಿಸಿ. ದೊಡ್ಡವರೇ ತೀರ್ಮಾನಿಸಲಾಗದ್ದನ್ನು ಅವಳ ತಲೆ ಮೇಲೆ ಹಾಕಿದ ಹಾಗಾಗುತ್ತದೆ. ‘ನಾವೆಲ್ಲ ಹೋಗುತ್ತಿದ್ದೇವೆ. ಅಜ್ಜಿ ಇಲ್ಲೇ ಇರುತ್ತಾರೆ. ನಿನಗೆ ಬೇಜಾರಾಗುತ್ತದೆ, ನನಗೂ ಆಗುತ್ತದೆ’ ಎಂದು ಸ್ಪಷ್ಟವಾಗಿ ಹೇಳಿ. ಅತ್ತರೆ ಅಳಲಿ. ‘ಅಲ್ಲಿ ಹಿಮ ಉಂಟು, ದೊಡ್ಡ ಪಾರ್ಕ್ ಉಂಟು’ ಎಂದು ಕೂಡಲೇ ಆಸೆ ತೋರಿಸಲು ಹೋಗಬೇಡಿ. ಅವಳ ಕೈಗೆ ಕೊಡಬಹುದಾದ ಆಯ್ಕೆಗಳು ಬೇರೆ ಇವೆ. ಯಾವ ಆಟಿಕೆ ಬರಬೇಕು, ಅಜ್ಜಿಯ ಯಾವ ಸೀರೆಯ ತುಂಡಿನಲ್ಲಿ ದಿಂಬಿನ ಕವರ್ ಹೊಲಿಸಬೇಕು, ಊರು ಬಿಡುವ ಮೊದಲು ಮಲ್ಪೆ ಬೀಚಿಗೆ ಯಾರ ಜೊತೆ ಹೋಗಬೇಕು. ಇದನ್ನೆಲ್ಲ ಅವಳೇ ಹೇಳಲಿ.

ಈಗ ಶಾಲೆಯ ಲೆಕ್ಕ ನೋಡಿ. ಒಂದು ವರ್ಷ ಕಾಯುವುದು ಬೇಡ ಅನ್ನಲು ನನಗೆ ಇದೂ ದೊಡ್ಡ ಕಾರಣ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯದಲ್ಲಿ ಜೂನ್ 30ರ ಒಳಗೆ ಆರು ತುಂಬಿದ ಮಕ್ಕಳು ಆ ವರ್ಷದ ಸೆಪ್ಟೆಂಬರ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಲೇಬೇಕು. ನಿಮ್ಮ ಮಗಳಿಗೆ ತುಂಬಿದ್ದು ಅಕ್ಟೋಬರ್‌ನಲ್ಲಿ. ಅಂದರೆ ಅವಳ ಸರದಿ ಬರುವುದೇ ನೀವು ಹೋದ ಮೇಲಿನ ಸೆಪ್ಟೆಂಬರ್‌ನಲ್ಲಿ. ಕ್ಲಾಸಿನಲ್ಲಿ ಎಲ್ಲರೂ ಹೊಸಬರು. ಯಾರಿಗೂ ಬೆಂಚು ಗೊತ್ತಿಲ್ಲ, ಟೀಚರ್ ಗೊತ್ತಿಲ್ಲ. ಮೊದಲ ದಿನ ಎಲ್ಲ ಮಕ್ಕಳ ಕೈಯಲ್ಲೂ ಶೂಲ್‌ಟ್ಯೂಟೆ ಎಂಬ ದೊಡ್ಡ ಕಾಗದದ ಕೋನ್ ಇರುತ್ತದೆ, ಒಳಗೆ ಮಿಠಾಯಿ, ಪೆನ್ಸಿಲ್, ಸಣ್ಣಪುಟ್ಟ ಉಡುಗೊರೆ. ಅದನ್ನು ಮನೆಯಲ್ಲೇ ಮಾಡುವವರು ತುಂಬ ಜನ. ನೀವೂ ಅವಳನ್ನು ಕೂರಿಸಿಕೊಂಡು ಮಾಡಿ. ಒಂದು ವರ್ಷ ತಡವಾಗಿ ಹೋದರೆ ಈ ಗುಂಪು ಆಗಲೇ ಗೆಳೆತನ ಮಾಡಿಕೊಂಡು, ಓದು ಬರಹ ಕಲಿತು ಎರಡನೇ ಕ್ಲಾಸಿನ ಹೊಸ್ತಿಲಲ್ಲಿರುತ್ತದೆ.

‘ಒಂದನೇ ಕ್ಲಾಸ್ ಮತ್ತೆ ಮಾಡಬೇಕಲ್ಲ, ಒಂದು ವರ್ಷ ಲಾಸ್ ಅಲ್ವಾ?’ ಎಂದು ನೆಂಟರು ಕೇಳುತ್ತಾರೆ. ನೀವೂ ಮನಸ್ಸಿನಲ್ಲಿ ಕೇಳಿಕೊಂಡಿರುತ್ತೀರಿ. ಲಾಸ್ ಏನೂ ಇಲ್ಲ. ಅಲ್ಲಿ ಅಕ್ಷರ ಕಲಿಸುವುದೇ ಒಂದನೇ ಕ್ಲಾಸಿನಿಂದ. ನಮ್ಮ ಎಲ್‌ಕೆಜಿ ಯುಕೆಜಿಯ ಬರವಣಿಗೆ ಅಲ್ಲಿಲ್ಲ. ನಿಮ್ಮ ಮಗಳಿಗೆ ಇಂಗ್ಲಿಷ್ ಅಕ್ಷರ ಬರುತ್ತದೆ, ಕೂಡಿಸು ಕಳೆ ಬರುತ್ತದೆ. ಭಾಷೆ ಬಾರದ ಕ್ಲಾಸಿನಲ್ಲಿ ಮಗುವಿಗೆ ಕೈಹಿಡಿಯಲು ಬಂದಿರುವ ವಿಷಯ ಒಂದಾದರೂ ಇರಬೇಕು. ಇವಳಿಗೆ ಲೆಕ್ಕ ಆ ಕೆಲಸ ಮಾಡುತ್ತದೆ. ಇನ್ನೊಂದು ಮಾತು: ಅಲ್ಲಿ ನಾಲ್ಕನೇ ಕ್ಲಾಸ್ ಆದ ಮೇಲೆ ಮಕ್ಕಳು ಬೇರೆ ಬೇರೆ ಬಗೆಯ ಶಾಲೆಗೆ ಹಂಚಿಹೋಗುತ್ತಾರೆ, ಮುಂದೆ ಯೂನಿವರ್ಸಿಟಿಯ ನೇರ ದಾರಿ ಗಿಮ್ನಾಸಿಯಂ ಎಂಬ ಶಾಲೆಯದ್ದು. ಆರರಲ್ಲಿ ಹೋದ ಮಗುವಿಗೆ ಅಷ್ಟರೊಳಗೆ ನಾಲ್ಕು ವರ್ಷ ಸಿಗುತ್ತದೆ. ಒಂಬತ್ತರಲ್ಲಿ ಹೋದ ಮಕ್ಕಳ ಕಷ್ಟವೇ ಬೇರೆ.

ಸರ್ಕಾರಿ ಪ್ರಾಥಮಿಕ ಶಾಲೆ ನಿಮ್ಮ ಮನೆಯ ವಿಳಾಸ ನೋಡಿ ಸಿಗುತ್ತದೆ. ಹಾಗಾಗಿ ಗಂಡನಿಗೆ ಹೇಳಿ, ಸದ್ಯಕ್ಕೆ ಒಂದು ಕೋಣೆ ಹಿಡಿದು ಆಮೇಲೆ ನೋಡುವ ಅನ್ನುವ ಲೆಕ್ಕ ಬೇಡ. ಮಕ್ಕಳು ಬರುವ ಮೊದಲೇ ಎರಡು ವರ್ಷವಾದರೂ ಇರಬಹುದಾದ ಮನೆ ಹುಡುಕಲಿ. ಹೊಸ ದೇಶವನ್ನು ಮಕ್ಕಳು ಸಹಿಸಿಕೊಳ್ಳುತ್ತಾರೆ. ಮೂರು ತಿಂಗಳಿಗೆ ಮತ್ತೆ ಮನೆ, ಮತ್ತೆ ಶಾಲೆ ಬದಲಾದರೆ ಸುಸ್ತಾಗುತ್ತಾರೆ. ಬಾಡಿಗೆ ಮನೆಯಲ್ಲಿ ಅಡುಗೆ ಕಟ್ಟೆ, ಸಿಂಕ್, ಒಲೆ ಏನೂ ಇಲ್ಲದೆ ಬರೀ ಗೋಡೆ ಇರುವುದು ಅಲ್ಲಿ ಮಾಮೂಲು. ಕೇಳಿಯೇ ಹಿಡಿಯಲಿ. ಮನೆ ಸಿಕ್ಕಿದ ಕೂಡಲೇ ಹತ್ತಿರದ ಶಾಲೆಗೆ ಹೋಗಿ, ಜರ್ಮನ್ ಬಾರದ ಮಕ್ಕಳಿಗೆ ಇರುವ ‘ಫೋರ್‌ಬೆರೈಟುಂಗ್ಸ್‌ಕ್ಲಾಸೆ’ ಎಂಬ ತಯಾರಿ ತರಗತಿಯ ಬಗ್ಗೆ ವಿಚಾರಿಸಲಿ. ಮಧ್ಯಾಹ್ನದ ವ್ಯವಸ್ಥೆಯನ್ನೂ ಕೇಳಲಿ. ಎಷ್ಟೋ ಶಾಲೆಗಳಲ್ಲಿ ಪಾಠ ಮಧ್ಯಾಹ್ನ ಹನ್ನೆರಡು, ಒಂದಕ್ಕೆಲ್ಲ ಮುಗಿಯುತ್ತದೆ. 2026ರ ಆಗಸ್ಟ್‌ನಿಂದ ಒಂದನೇ ಕ್ಲಾಸಿನವರಿಂದ ಶುರುಮಾಡಿ ದಿನಪೂರ್ತಿ ನೋಡಿಕೊಳ್ಳುವ ವ್ಯವಸ್ಥೆಯನ್ನು ಮಕ್ಕಳ ಹಕ್ಕು ಎಂದು ಕಾನೂನು ಮಾಡಿದ್ದಾರೆ.

ಏಪ್ರಿಲ್ ಕೊನೆ ಅಂದಿದ್ದೀರಿ, ಅದು ಒಳ್ಳೆಯ ಸಮಯ. ಮೇ, ಜೂನ್‌ನಲ್ಲಿ ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಆಟದ ಮೈದಾನಗಳಲ್ಲಿ ಮಕ್ಕಳು ತುಂಬಿರುತ್ತಾರೆ, ಜೊತೆಗೆ ಅವರ ಅಪ್ಪ ಅಮ್ಮಂದಿರೂ ಇರುತ್ತಾರೆ. ಇದೇ ಕುಟುಂಬ ನವೆಂಬರ್‌ನಲ್ಲಿ ಹೋಗಿ ಇಳಿದರೆ ಸಂಜೆ ಐದಕ್ಕೆಲ್ಲ ಕತ್ತಲು, ಹೊರಗೆ ನರಪಿಳ್ಳೆ ಇಲ್ಲ. ಟಿಕೆಟ್ ಸ್ವಲ್ಪ ಕಮ್ಮಿ ಸಿಗುತ್ತದೆ ಎಂದು ಮುಂದೆ ಹಾಕಬೇಡಿ.

ಮಗನ ಮಾತಿನ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ಬರೆದು ಬಿಟ್ಟಿದ್ದೀರಿ. ನನಗೆ ನಿಮ್ಮ ಪತ್ರದಲ್ಲಿ ಅದೇ ಮುಖ್ಯ ಅನ್ನಿಸಿತು. ಮೂರು ವರ್ಷಕ್ಕೆ ಮಗು ಮೂರು ಪದ ಸೇರಿಸಿ ಸಣ್ಣ ವಾಕ್ಯ ಹೇಳಬೇಕು, ‘ಅಮ್ಮ ನೀರು ಕೊಡು’ ಅನ್ನುವಷ್ಟು. ತುಳು, ಕನ್ನಡ ಬೆರೆಸಿ ಹೇಳಿದರೂ ಅದು ಲೆಕ್ಕಕ್ಕೆ ಬರುತ್ತದೆ. ಅಷ್ಟು ಬರುತ್ತಿಲ್ಲ, ಅಥವಾ ಮನೆಯ ಹೊರಗಿನವರಿಗೆ ಅವನ ಮಾತು ಹೆಚ್ಚಿನಂಶ ಅರ್ಥವೇ ಆಗುತ್ತಿಲ್ಲ ಅಂತಾದರೆ ಹೊರಡುವ ಮೊದಲೇ ಕಿವಿಯ ಪರೀಕ್ಷೆ ಮತ್ತು ಮಾತಿನ ಪರೀಕ್ಷೆ ಮಾಡಿಸಿ. ಮಣಿಪಾಲದಲ್ಲೂ ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್‌ನಲ್ಲೂ ವಾಕ್ ಮತ್ತು ಶ್ರವಣ ವಿಭಾಗ ಉಂಟು. ಇಲ್ಲಿಯೇ ಮಾಡಿಸಿ ಎಂದು ಒತ್ತಾಯ ಮಾಡುವುದಕ್ಕೆ ಕಾರಣ ಸರಳ. ಇಲ್ಲಿ ಪರೀಕ್ಷೆ ಮಾಡುವವರು ಅವನ ಜೊತೆ ತುಳುವಿನಲ್ಲೋ ಕನ್ನಡದಲ್ಲೋ ಮಾತಾಡಬಲ್ಲರು. ಸ್ಟುಟ್‌ಗಾರ್ಟ್‌ನಲ್ಲಿ ಅಂಥವರನ್ನು ಎಲ್ಲಿಂದ ತರುತ್ತೀರಿ? ಅಲ್ಲಿ ಹೋಗಿ ಆರು ತಿಂಗಳಾದರೂ ಮಗು ಮಾತಾಡದಿದ್ದರೆ, ಇದು ಹೊಸ ಭಾಷೆಯ ಮೌನವೋ ಮೊದಲಿಂದಲೇ ಇದ್ದ ತೊಂದರೆಯೋ ಎಂದು ಹೇಳುವುದು ಅಲ್ಲಿನವರಿಗೆ ಕಷ್ಟ. ಕೈಯಲ್ಲಿ ಇಲ್ಲಿನ ರಿಪೋರ್ಟ್ ಇದ್ದರೆ ಅರ್ಧ ಗೊಂದಲ ತಪ್ಪುತ್ತದೆ.

ಹೊಸ ಭಾಷೆಯ ಮೌನ ಅಂದೆನಲ್ಲ, ಅದು ನಿಜವಾಗಿ ಇರುವಂಥದ್ದು. ಹೊಸ ಭಾಷೆಯ ಶಾಲೆಗೆ ಬಿದ್ದ ಎಷ್ಟೋ ಮಕ್ಕಳು ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಅಲ್ಲಿ ತುಟಿ ಬಿಚ್ಚುವುದಿಲ್ಲ. ನೋಡುತ್ತಾರೆ, ಕೇಳುತ್ತಾರೆ, ಬೇರೆಯವರು ಮಾಡಿದ್ದನ್ನು ಮಾಡುತ್ತಾರೆ. ಅರ್ಥ ಆಗುವುದು ಮೊದಲು, ಮಾತು ಆಮೇಲೆ. ಮನೆಗೆ ಬಂದು ತುಳುವಿನಲ್ಲಿ ಗಲಾಟೆ ಮಾಡುತ್ತಿದ್ದರೆ, ನಗುತ್ತಿದ್ದರೆ, ಊಟ ನಿದ್ದೆ ಸರಿ ಇದ್ದರೆ ಚಿಂತೆ ಬೇಡ. ಮನೆಯಲ್ಲೂ ಮಾತು ನಿಂತಿತು, ಆಟ ಬಿಟ್ಟರು, ಹೊಸ ಜಾಗಕ್ಕೆ ಹೋಗಿ ತಿಂಗಳುಗಳಾದರೂ ಒಂದು ಮಗುವಿನ ಜೊತೆಯೂ ಸನ್ನೆಯಲ್ಲೂ ಆಡುತ್ತಿಲ್ಲ ಅಂದರೆ ಆಗ ಮಕ್ಕಳ ಡಾಕ್ಟರ ಹತ್ತಿರ ಹೇಳಬೇಕು. ಮಗನಿಗೆ ರಾತ್ರಿ ಹಾಸಿಗೆ ಒದ್ದೆಯಾಗುವುದು, ನಿಮ್ಮ ಸೆರಗು ಬಿಡದಿರುವುದು, ಬಿಟ್ಟಿದ್ದ ಬಾಟಲಿ ಮತ್ತೆ ಕೇಳುವುದು ಇವೆಲ್ಲ ಆಗಬಹುದು. ನಾಚಿಕೆ ಪಡಿಸಬೇಡಿ, ಸುಮ್ಮನೆ ಬೆಡ್‌ಶೀಟ್ ಬದಲಾಯಿಸಿ.

ಇನ್ನು ‘ಇಂಗ್ಲಿಷ್ ಮಾತ್ರ ಮಾತಾಡಿ’ ಅನ್ನುವ ಸಲಹೆ. ಕೊಟ್ಟವರು ಯಾರೇ ಆಗಿರಲಿ, ದಯವಿಟ್ಟು ಕೇಳಬೇಡಿ. ಅಲ್ಲಿ ಶಾಲೆ ನಡೆಯುವುದು ಜರ್ಮನ್‌ನಲ್ಲಿ. ಇಂಗ್ಲಿಷ್ ಶಾಲೆಯ ಭಾಷೆಯೂ ಆಗುವುದಿಲ್ಲ, ನಿಮ್ಮ ಮನೆಯ ಭಾಷೆಯೂ ಅಲ್ಲ. ಹಾಗಂತ ನೀವೇ ಮನೆಯಲ್ಲಿ ತಡವರಿಸುತ್ತ ಜರ್ಮನ್ ಮಾತಾಡುವುದೂ ಬೇಡ. ನೀವು ಕನ್ನಡ, ಅಪ್ಪ ತುಳು, ಈಗ ಹೇಗಿದೆಯೋ ಹಾಗೇ ಇರಲಿ. ಎರಡು ಮೂರು ಭಾಷೆ ಕೇಳುವುದರಿಂದ ಮಾತು ತಡವಾಗುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಉಡುಪಿಯ ರಥಬೀದಿಯಲ್ಲಿ ಹತ್ತು ನಿಮಿಷ ನಿಂತರೆ ತುಳು, ಕನ್ನಡ, ಕೊಂಕಣಿ, ಬ್ಯಾರಿ ಎಲ್ಲ ಕಿವಿಗೆ ಬೀಳುತ್ತದೆ. ಇಲ್ಲಿನ ಮಕ್ಕಳು ಯಾರ ಹತ್ತಿರ ಯಾವುದು ಮಾತಾಡಬೇಕು ಎಂದು ಯಾರೂ ಹೇಳಿಕೊಡದೆ ಕಲಿತಿರುತ್ತಾರೆ. ಆ ಜಾಣತನ ನಿಮ್ಮ ಮಕ್ಕಳಿಗೂ ಆಗಲೇ ಬಂದಿದೆ. ಮನೆ ಭಾಷೆಯಲ್ಲಿ ಕಥೆ, ಜಗಳ, ಪ್ರಶ್ನೆ ಎಲ್ಲ ಜೋರಾಗಿ ನಡೆದರೆ ಜರ್ಮನ್ ಕಲಿಯಲಿಕ್ಕೂ ಅನುಕೂಲ. ‘ಯಾಕೆ’, ‘ಆದರೆ’, ‘ಆಮೇಲೆ’ ಎಲ್ಲ ತಲೆಯಲ್ಲಿ ಒಮ್ಮೆ ಕೂತಿದ್ದರೆ ಹೊಸ ಭಾಷೆಯಲ್ಲಿ ಅದಕ್ಕೆ ಶಬ್ದ ಸಿಕ್ಕಿದರೆ ಸಾಕು. ಒಂದು ಎಚ್ಚರಿಕೆ ಇಟ್ಟುಕೊಳ್ಳಿ. ವರ್ಷ ಎರಡು ವರ್ಷದಲ್ಲಿ ಮಕ್ಕಳು ನಿಮಗೆ ಜರ್ಮನ್‌ನಲ್ಲಿ ಉತ್ತರ ಕೊಡಲು ಶುರು ಮಾಡುತ್ತಾರೆ. ಬೈಯಬೇಡಿ, ನೀವು ಮಾತ್ರ ಕನ್ನಡ ಬಿಡಬೇಡಿ.

ಅಂದ ಹಾಗೆ, ನೀವು ಹೋಗುವ ಊರಿಗೂ ನಮ್ಮ ಊರಿಗೂ ಹಳೆಯ ನಂಟು ಉಂಟು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಡಿಸಿದ ಬಾಸೆಲ್ ಮಿಶನ್‌ನ ಹರ್ಮನ್ ಮೋಗ್ಲಿಂಗ್ ಅದೇ ಕಡೆಯವರು. ತೀರಿಕೊಂಡದ್ದು 1881ರಲ್ಲಿ, ಸ್ಟುಟ್‌ಗಾರ್ಟ್‌ಗೆ ತಾಗಿಕೊಂಡೇ ಇರುವ ಎಸ್ಲಿಂಗೆನ್‌ನಲ್ಲಿ. ಕನ್ನಡ ನಿಘಂಟಿನ ಕಿಟೆಲ್ ಕೊನೆಯುಸಿರೆಳೆದ ಟ್ಯೂಬಿಂಗೆನ್ ಕೂಡ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ. ‘ಈ ಊರಿನವರು ನಮ್ಮ ಊರಿಗೆ ಬಂದು ಕನ್ನಡ ಕಲಿತರು’ ಎಂದು ಮಗಳಿಗೆ ಹೇಳಿ. ಅವಳು ಪಡುವ ಕಷ್ಟವನ್ನೇ ಅವರು ಆ ಕಡೆಯಿಂದ ಈ ಕಡೆಗೆ ಬಂದು ಪಟ್ಟಿದ್ದಾರೆ.

ಮಗನ ಕಿಂಡರ್‌ಗಾರ್ಟನ್ ಬಗ್ಗೆ ನೀವು ಮೊದಲೇ ತಿಳಿದಿರಬೇಕಾದ ಒಂದು ಕ್ರಮ ಉಂಟು. ನಮ್ಮಲ್ಲಿ ಜೂನ್ ಮೊದಲ ವಾರ ಶಾಲೆಯ ಗೇಟಿನಲ್ಲಿ ಏನು ನಡೆಯುತ್ತದೆ ಎಂದು ಗೊತ್ತಲ್ಲ. ಆಯಾ ಬಂದು ಮಗುವನ್ನು ಎತ್ತಿಕೊಂಡು ಒಳಗೆ ಹೋಗುತ್ತಾಳೆ, ‘ನೀವು ಹೋಗಿ, ಐದು ನಿಮಿಷದಲ್ಲಿ ಸರಿಯಾಗ್ತದೆ’ ಅನ್ನುತ್ತಾರೆ. ಅಲ್ಲಿ ‘ಐನ್‌ಗೆವ್ಯೋನುಂಗ್’ ಎಂದು ಮಗುವನ್ನು ನಿಧಾನವಾಗಿ ಒಗ್ಗಿಸುವ ಪದ್ಧತಿ ಇದೆ. ಹೆಚ್ಚಿನ ಕಡೆ ಮೊದಲ ಮೂರು ದಿನ ನೀವೂ ಒಳಗೆ ಒಂದು ಮೂಲೆಯಲ್ಲಿ ಕೂತಿರಬೇಕು, ದಿನಕ್ಕೆ ಒಂದು ಗಂಟೆಯ ಹಾಗೆ. ನಾಲ್ಕನೇ ದಿನದ ಸುಮಾರಿಗೆ ಕೆಲವು ನಿಮಿಷ ಹೊರಗೆ ಹೋಗಿ ಬರುತ್ತೀರಿ. ಮಗು ಟೀಚರ ಕೈಯಲ್ಲಿ ಸಮಾಧಾನ ಆಗುತ್ತದಾ ಎಂದು ನೋಡಿ ಆ ಹೊತ್ತನ್ನು ಬೆಳೆಸುತ್ತ ಹೋಗುತ್ತಾರೆ. ಒಂದೆರಡು ವಾರ ಆಗಬಹುದು, ಒಂದು ತಿಂಗಳೂ ಆಗಬಹುದು. ನನ್ನ ಪ್ರಕಾರ ಇದು ನಮ್ಮ ಕ್ರಮಕ್ಕಿಂತ ಎಷ್ಟೋ ಮೇಲು. ಆದರೆ ಆ ಒಂದು ತಿಂಗಳು ನಿಮಗೆ ಕೆಲಸವಾಗಲಿ ಭಾಷೆಯ ಕ್ಲಾಸಾಗಲಿ ಇಟ್ಟುಕೊಳ್ಳಲು ಆಗುವುದಿಲ್ಲ. ಹೋಗುವಾಗ ಮಗನಿಗೆ ಹೇಳಿಯೇ ಹೋಗಿ. ಕಣ್ಣು ತಪ್ಪಿಸಿ ಜಾರುವ ನಮ್ಮ ಅಭ್ಯಾಸ ಅಲ್ಲಿ ಬೇಡ, ಇಲ್ಲೂ ಬೇಡ.

ಸೀಟಿನ ಮಾತು ಹೇಳುವುದಾದರೆ, ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಜಾಗ ಸಿಗಬೇಕು ಎಂದು 2013ರಿಂದ ಕಾನೂನೇ ಉಂಟು. ಕಾಯುವವರ ಪಟ್ಟಿಯೂ ಉಂಟು. ಗಂಡ ಇವತ್ತೇ ಹೆಸರು ಬರೆಸಲಿ, ಒಂದು ಕಡೆ ಅಲ್ಲ, ನಾಲ್ಕೈದು ಕಡೆ.

ಯಾರೂ ಹೇಳಿಕೊಡದ ಒಂದು ವಿಷಯ ಕಕ್ಕಸಿನದ್ದು. ನಗಬೇಡಿ. ಅಲ್ಲಿ ನೀರಿಲ್ಲ, ಕಾಗದ. ನಮ್ಮ ಮಕ್ಕಳು ಎಷ್ಟೋ ಜನ ಇದೇ ಕಾರಣಕ್ಕೆ ಶಾಲೆಯಲ್ಲಿ ಇಡೀ ದಿನ ತಡೆದುಕೊಳ್ಳುತ್ತಾರೆ. ನೀರು ಕುಡಿಯುವುದು ಬಿಡುತ್ತಾರೆ. ಆಮೇಲೆ ಮಲಬದ್ಧತೆ, ಹೊಟ್ಟೆನೋವು. ‘ಊಟ ಒಗ್ಗುತ್ತಿಲ್ಲ’ ಎಂದು ಅಮ್ಮಂದಿರು ತಿಳಿದುಕೊಳ್ಳುತ್ತಾರೆ. ಮಗಳಿಗೆ ಮಾರ್ಚ್‌ನಿಂದಲೇ ಮನೆಯಲ್ಲಿ ಕಾಗದದಲ್ಲಿ ಒರೆಸಿಕೊಳ್ಳುವುದನ್ನು, ಮುಂದಿನಿಂದ ಹಿಂದಕ್ಕೆ ಒರೆಸಬೇಕು ಎಂಬುದನ್ನು ಕಲಿಸಿ. ಮಗನಿಗೆ ತಾನೇ ಚಡ್ಡಿ ಏರಿಸಿ ಇಳಿಸುವುದು ಬರಲಿ. ಜೊತೆಗೆ ಮೂರು ಜರ್ಮನ್ ವಾಕ್ಯ ಇಬ್ಬರಿಗೂ ಬಾಯಿಪಾಠ ಆಗಬೇಕು. ‘ಇಶ್ ಮುಸ್ ಔಫ್ ಡೀ ಟೊಆಲೆಟೆ’, ಅಂದರೆ ಟಾಯ್ಲೆಟ್‌ಗೆ ಹೋಗಬೇಕು. ‘ದಾರ್ಫ್ ಇಶ್ ಮಿಟ್‌ಶ್ಪೀಲೆನ್?’, ಅಂದರೆ ನಾನೂ ಆಟಕ್ಕೆ ಬರಲಾ? ‘ಶ್ಟಾಪ್, ದಾಸ್ ವಿಲ್ ಇಶ್ ನಿಶ್ಟ್’, ಅಂದರೆ ಬೇಡ, ನನಗೆ ಇದು ಇಷ್ಟ ಇಲ್ಲ. ಹೋಗುವ ಮೊದಲು ಬಣ್ಣಗಳ ಹೆಸರು, ನೂರರವರೆಗೆ ಸಂಖ್ಯೆ ಎಂದು ತಲೆ ತಿನ್ನುವುದಕ್ಕಿಂತ ಈ ಮೂರು ಸಾಕು.

ಚಳಿಗೆ ಹೆದರಬೇಡಿ. ಆಟಿ ತಿಂಗಳ ಮಳೆಯಲ್ಲಿ ಶಾಲೆಗೆ ಹೋದ ಮಕ್ಕಳು ಅವರು. ಜಾಕೆಟ್, ಬೂಟ್ ಎಲ್ಲ ಬೆಂಗಳೂರಿನಲ್ಲಿ ದುಡ್ಡು ಸುರಿದು ತೆಗೆದುಕೊಂಡು ಹೋಗಬೇಡಿ. ಅಲ್ಲಿ ಮಕ್ಕಳ ಬಳಸಿದ ಬಟ್ಟೆಯ ಸಂತೆ ನಡೆಯುತ್ತದೆ, ಒಳ್ಳೆಯ ಸ್ಥಿತಿಯ ವಸ್ತು ಕಮ್ಮಿಗೆ ಸಿಗುತ್ತದೆ. ಮಳೆ ಇರಲಿ ಹಿಮ ಇರಲಿ ಕಿಂಡರ್‌ಗಾರ್ಟನ್‌ನವರು ಮಕ್ಕಳನ್ನು ಹೊರಗೆ ಆಡಲು ಬಿಡುತ್ತಾರೆ. ಅದಕ್ಕೆಂದೇ ಕೆಸರಿನ ಪ್ಯಾಂಟ್ ಎಂದು ಒಂದು ಬರುತ್ತದೆ. ಒಳಗೆ ಹಾಕಲು ಬೇರೆ ಚಪ್ಪಲಿ. ಊಟದ ಬಗ್ಗೆಯೂ ಜಾಸ್ತಿ ಬರೆಯುವುದಿಲ್ಲ. ಕೆಂಪು ಕುಚ್ಚಲಕ್ಕಿ ಅಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಕೇರಳದ ಮಟ್ಟ ಅಕ್ಕಿ ಎಂದು ಸಿಗುತ್ತದೆ. ಸಂಜೆ ಗಂಜಿ, ಉಪ್ಪಿನಕಾಯಿ ನಡೆದರೆ ಮಕ್ಕಳು ಮಧ್ಯಾಹ್ನ ಶಾಲೆಯಲ್ಲಿ ಬ್ರೆಡ್ ಕಚ್ಚಿ ಬಂದರೂ ಪರವಾಗಿಲ್ಲ. ಡಬ್ಬಿಯಲ್ಲಿ ಸಿಹಿ ಹಾಕಬೇಡಿ ಎಂದು ಎಷ್ಟೋ ಕಡೆ ನಿಯಮ ಇರುತ್ತದೆ, ಹಾಗಾಗಿ ಬೆಲ್ಲ ಕಾಯಿ ಸುತ್ತಿದ ನೀರ್ ದೋಸೆ ಮನೆಗೇ ಇರಲಿ.

ಕಾಗದ ಪತ್ರದಲ್ಲಿ ಕೆಲವು ಮಾತ್ರ ಹೇಳುತ್ತೇನೆ. ಮಕ್ಕಳ ತಾಯಿ ಕಾರ್ಡ್ ಅಥವಾ ಲಸಿಕೆಯ ಪುಸ್ತಕ ಹುಡುಕಿ ಇಡಿ. 2020ರ ಮಾರ್ಚ್‌ನಿಂದ ಅಲ್ಲಿ ದಡಾರದ ಲಸಿಕೆಯ ದಾಖಲೆ ಇಲ್ಲದೆ ಕಿಂಡರ್‌ಗಾರ್ಟನ್‌ಗೆ ಸೇರಿಸಿಕೊಳ್ಳುವುದಿಲ್ಲ, ಶಾಲೆಯಲ್ಲೂ ಕೇಳುತ್ತಾರೆ. ಎರಡು ವರ್ಷ ಮೇಲ್ಪಟ್ಟವರಿಗೆ ಎರಡು ಡೋಸ್ ಬೇಕು. ಎಂಆರ್ ಅಥವಾ ಎಂಎಂಆರ್ ಎಂದು ತಾರೀಕಿನ ಜೊತೆ ಎರಡು ಸಲ ಬರೆದಿದೆಯಾ ನೋಡಿ. ಅಕ್ಷರ ಅಳಿಸಿಹೋಗಿದ್ದರೆ ನಿಮ್ಮ ಡಾಕ್ಟರ ಹತ್ತಿರ ಇಂಗ್ಲಿಷ್‌ನಲ್ಲಿ ಬರೆಸಿ ಸೀಲ್ ಹಾಕಿಸಿ. ತೋಳಿನಲ್ಲಿರುವ ಬಿಸಿಜಿ ಎಂಬ ಕ್ಷಯದ ಲಸಿಕೆಯ ಕಲೆ ನೋಡಿ ಅಲ್ಲಿನ ಡಾಕ್ಟರು ಇದೇನು ಎಂದು ಕೇಳಿದರೂ ಕೇಳಿಯಾರು, 1998ರಿಂದ ಅಲ್ಲಿ ಅದರ ಶಿಫಾರಸು ಇಲ್ಲ. ಪಾಸ್‌ಪೋರ್ಟ್, ಮಕ್ಕಳ ಜನನ ಪತ್ರ, ನಿಮ್ಮ ಮದುವೆ ಸರ್ಟಿಫಿಕೇಟ್ ಮೂರರಲ್ಲೂ ಎಲ್ಲರ ಹೆಸರು ಅಕ್ಷರ ಬಿಡದೆ ಒಂದೇ ಇರಬೇಕು. ಒಂದರಲ್ಲಿ ಇನಿಶಿಯಲ್, ಒಂದರಲ್ಲಿ ಊರಿನ ಹೆಸರು, ಒಂದರಲ್ಲಿ ಗಂಡನ ಹೆಸರು ಸೇರಿಕೊಂಡು ನಮ್ಮವರಿಗೆ ಆಗುವ ಗೋಳು ಅಷ್ಟಿಷ್ಟಲ್ಲ. ಹೋಗಿ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು, ಅದಕ್ಕೆ ಮನೆ ಮಾಲೀಕರ ಪತ್ರ ಬೇಕು. ಗಂಡ ಸರ್ಕಾರಿ ಆರೋಗ್ಯ ವಿಮೆಯಲ್ಲಿದ್ದರೆ ಮಕ್ಕಳಿಗೂ, ಕೆಲಸಕ್ಕೆ ಹೋಗದ ನಿಮಗೂ ಬೇರೆ ಕಂತಿಲ್ಲ. ಸರ್ಕಾರ ಕೊಡುವ ಮಕ್ಕಳ ಭತ್ಯೆ 2025ರಲ್ಲಿ ಒಬ್ಬರಿಗೆ ತಿಂಗಳಿಗೆ 255 ಯೂರೋ ಇತ್ತು. ಹಿಂದಿನ ಬಾಕಿ ಆರು ತಿಂಗಳಿನದ್ದು ಮಾತ್ರ ಸಿಗುತ್ತದೆ, ಹಾಗಾಗಿ ಅರ್ಜಿ ಬೇಗ ಹಾಕಿ. ರಾತ್ರಿಯೋ ಭಾನುವಾರವೋ ಜ್ವರ ಬಂದರೆ 116117, ಜೀವಕ್ಕೆ ಅಪಾಯ ಇದ್ದರೆ 112. ಎರಡೂ ನಂಬರ್ ಫ್ರಿಜ್ ಮೇಲೆ ಅಂಟಿಸಿ.

ಹೊಡೆಯುವ ವಿಷಯ ಸ್ಪಷ್ಟವಾಗಿ ಹೇಳಬೇಕು. ಮಕ್ಕಳಿಗೆ ಹೊಡೆತ, ಬೆದರಿಕೆ, ಅವಮಾನ ಇಲ್ಲದೆ ಬೆಳೆಯುವ ಹಕ್ಕು ಉಂಟು ಎಂದು ಜರ್ಮನಿಯಲ್ಲಿ 2000ದಿಂದ ಕಾನೂನಿದೆ. ‘ಒಂದು ಪೆಟ್ಟು ಕೊಟ್ಟರೆ ಏನಾಯ್ತು’ ಅನ್ನುವುದು ಅಲ್ಲಿ ನಡೆಯುವುದಿಲ್ಲ. ಯೂಗೆಂಡ್‌ಆಮ್ಟ್ ಎಂಬ ಮಕ್ಕಳ ಇಲಾಖೆಯ ಬಗ್ಗೆ ವಾಟ್ಸಾಪ್ ಗುಂಪುಗಳಲ್ಲಿ ಭಯಂಕರ ಕಥೆಗಳು ಓಡಾಡುತ್ತವೆ. ಆದರೆ ಕಿಂಡರ್‌ಗಾರ್ಟನ್ ಸೀಟಿಗೆ ಸಹಾಯ ಬೇಕಾದರೂ, ಮಕ್ಕಳ ಸಮಸ್ಯೆಗೆ ಸಲಹೆ ಬೇಕಾದರೂ ಹೋಗುವುದು ಅದೇ ಇಲಾಖೆಗೆ. ಹೆದರಿ ದೂರ ಇರುವ ಬದಲು ಹೊಡೆಯುವ ಅಭ್ಯಾಸ ಇದ್ದರೆ ಇಲ್ಲಿಯೇ ಬಿಡಿ. ನಿಮಗೆ ಇದೆ ಎಂದು ನಾನು ಹೇಳುತ್ತಿಲ್ಲ. ಹೊಸ ಊರಿನ ಒತ್ತಡದಲ್ಲಿ ಯಾವತ್ತೂ ಕೈ ಎತ್ತದವರಿಗೂ ಕೈ ಏಳುತ್ತದೆ, ಅದಕ್ಕೆ ಹೇಳಿದೆ.

ಇನ್ನು ನಿಮ್ಮ ವಿಷಯ. ಪತ್ರದಲ್ಲಿ ಮಕ್ಕಳ ಬಗ್ಗೆ ಅಷ್ಟು ಬರೆದು ನಿಮ್ಮ ಬಗ್ಗೆ ಎರಡು ಮಾತು ಬರೆದಿದ್ದೀರಿ. ಮಕ್ಕಳು ಹೊಸ ಜಾಗಕ್ಕೆ ಹೇಗೆ ಹೊಂದಿಕೊಳ್ಳುತ್ತಾರೆ ಅನ್ನುವುದು ಮನೆಯಲ್ಲಿ ಜೊತೆಗಿರುವ ದೊಡ್ಡವರು ಹೇಗಿದ್ದಾರೆ ಅನ್ನುವುದರ ಮೇಲೆ ತುಂಬ ನಿಂತಿದೆ. ಗಂಡನಿಗೆ ಆಫೀಸ್ ಇದೆ, ಅಲ್ಲಿ ಇಂಗ್ಲಿಷ್ ನಡೆಯುತ್ತದೆ, ಮಧ್ಯಾಹ್ನ ಜೊತೆಗೆ ಊಟಕ್ಕೆ ಜನ ಇದ್ದಾರೆ. ನಿಮಗೆ ಸಿಗುವುದು ಜರ್ಮನ್‌ನಲ್ಲಿ ಬರುವ ಕಾಗದಗಳು, ಮುಚ್ಚಿದ ಪಕ್ಕದ ಮನೆ ಬಾಗಿಲು, ಅಂಗಡಿಯೂ ತೆರೆಯದ ಭಾನುವಾರ. ಇಲ್ಲಿ ಸಾಲದ ಅರ್ಜಿ, ಲೆಡ್ಜರ್ ಎಲ್ಲ ನೋಡಿಕೊಳ್ಳುತ್ತಿದ್ದವರು ಅಲ್ಲಿ ಒಂದು ಔಷಧಿ ಕೇಳಲೂ ಗಂಡನಿಗೆ ಫೋನ್ ಮಾಡಬೇಕು. ಸಿಟ್ಟು ಬರುತ್ತದೆ, ಅದು ಮಕ್ಕಳ ಮೇಲೆ ಹೋಗುತ್ತದೆ.

ಹಾಗಾಗಿ ಜರ್ಮನ್ ಈಗಲೇ ಶುರು ಮಾಡಿ. ಬ್ಲೂ ಕಾರ್ಡ್‌ನವರ ಹೆಂಡತಿಗೆ ವೀಸಾಕ್ಕಾಗಿ ಎ1 ಎಂಬ ಮೊದಲ ಹಂತದ ಜರ್ಮನ್ ಪರೀಕ್ಷೆ ಬೇಕಿಲ್ಲ, ಅದಕ್ಕೇ ಹೆಚ್ಚಿನವರು ಕಲಿಯದೆ ಹೋಗಿ ಬಿಡುತ್ತಾರೆ. ನಿಮಗೆ ಅಲ್ಲಿ ಕೆಲಸ ಮಾಡುವ ಅನುಮತಿಯೂ ಇರುತ್ತದೆ. ಅಲ್ಲಿ ಹೋದ ಮೇಲೆ ಸರ್ಕಾರದ ಇಂಟಿಗ್ರೇಶನ್ ಕೋರ್ಸ್ ಉಂಟು, ಭಾಷೆಗೇ 600 ತರಗತಿ. ಫೋಕ್ಸ್‌ಹೋಖ್‌ಶೂಲೆ ಎಂಬ ವಯಸ್ಕರ ಶಿಕ್ಷಣ ಕೇಂದ್ರಗಳಲ್ಲೂ ನಡೆಯುತ್ತದೆ. ಮಗ ಕಿಂಡರ್‌ಗಾರ್ಟನ್‌ಗೆ ಒಗ್ಗಿದ ಮರುವಾರವೇ ಸೇರಿಕೊಳ್ಳಿ, ಮನೆ ಸರಿ ಮಾಡಿ ಆಮೇಲೆ ನೋಡುವ ಎಂದು ಮುಂದೆ ಹಾಕಬೇಡಿ. ನಿಮ್ಮ ಹೆಸರಿನಲ್ಲಿ ಬ್ಯಾಂಕ್ ಖಾತೆ, ನಿಮ್ಮದೇ ಬಸ್ ಪಾಸ್, ನಿಮ್ಮದೇ ಡಾಕ್ಟರ್. ಗಂಡನ ಹತ್ತಿರ ಇದನ್ನು ಈಗಲೇ ಮಾತಾಡಿಕೊಳ್ಳಿ. ಅವರು ಆರು ತಿಂಗಳು ಮುಂದಿದ್ದಾರೆ, ‘ಇದರಲ್ಲೇನುಂಟು, ಸುಲಭ’ ಅನ್ನುತ್ತಾರೆ. ಕನ್ನಡಿಗರ ಗುಂಪು ಸಿಕ್ಕಿದರೆ ಹಬ್ಬಕ್ಕೆ ಹೋಗಿ ಬನ್ನಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಮಗಳ ಕ್ಲಾಸಿನ ಒಂದು ಮಗುವಿನ ಅಮ್ಮನ ಪರಿಚಯ ಆದರೆ ಶಾಲೆಯ ಅರ್ಧ ವಿಷಯ ಅವರಿಂದಲೇ ತಿಳಿಯುತ್ತದೆ.

ಹಬ್ಬಗಳೂ ಸಹಾಯಕ್ಕೆ ಬರುತ್ತವೆ. ನವೆಂಬರ್ 11ರ ಸುಮಾರಿಗೆ ಸಂತ ಮಾರ್ಟಿನ್ ಹಬ್ಬಕ್ಕೆ ಮಕ್ಕಳು ತಾವೇ ಮಾಡಿದ ಕಾಗದದ ದೀಪ ಹಿಡಿದು ಕತ್ತಲಲ್ಲಿ ಮೆರವಣಿಗೆ ಹೋಗುತ್ತಾರೆ. ಅಷ್ಟರಲ್ಲಿ ನಮ್ಮ ದೀಪಾವಳಿ ಮುಗಿದಿರುತ್ತದೆ, ಇಲ್ಲವೇ ಅದೇ ಆಸುಪಾಸಿನಲ್ಲಿರುತ್ತದೆ. ಗೂಡುದೀಪ ಕಟ್ಟಲು ಗೊತ್ತಿರುವ ಮಗು ಆ ದಿನ ಕ್ಲಾಸಿನಲ್ಲಿ ಹಿಂದೆ ಉಳಿಯುವುದಿಲ್ಲ. ಫೆಬ್ರವರಿಯ ಹೊತ್ತಿಗೆ ಆ ಕಡೆ ಫಾಸ್‌ನೆಟ್ ಎಂದು ಮರದ ಮುಖವಾಡ ಹಾಕಿ ಕುಣಿಯುತ್ತ ಬರುತ್ತಾರೆ. ಅಷ್ಟಮಿಯ ಹುಲಿವೇಷ ನೋಡಿದವರಿಗೆ ಹೆದರಿಕೆ ಏನಿಲ್ಲ.

ಊರಿಗೆ ಬರುವುದನ್ನು ಶಾಲೆಯ ರಜೆ ನೋಡಿಯೇ ಇಟ್ಟುಕೊಳ್ಳಬೇಕು. ‘ಮದುವೆ ಉಂಟು, ಹತ್ತು ದಿನ ರಜೆ ಕೊಡಿ’ ಎಂದರೆ ಅಲ್ಲಿ ಕೊಡುವುದಿಲ್ಲ, ಹೇಳದೆ ಹೋದರೆ ದಂಡ ಬೀಳಬಹುದು. ದೊಡ್ಡ ರಜೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ. ಮಳೆ, ಪತ್ರೊಡೆ, ಕೆಲವು ವರ್ಷ ಅಷ್ಟಮಿಯೂ ಸಿಗುತ್ತದೆ, ಮಾವು ಸಿಗುವುದಿಲ್ಲ. ಪೆಂಟೆಕೋಸ್ಟ್ ಎಂಬ ಕ್ರೈಸ್ತರ ಹಬ್ಬಕ್ಕೆ ಮೇ, ಜೂನ್ ಹೊತ್ತಿಗೆ ಎರಡು ವಾರದ ರಜೆಯೂ ಉಂಟು, ಹಲಸಿನ ಆಸೆ ಇದ್ದರೆ ಆಗ ಬನ್ನಿ.

ಕೊನೆಗೆ ಅಜ್ಜಿ. ಫೋನ್‌ಗೆ ಒಂದು ಗೊತ್ತಾದ ಹೊತ್ತು ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಅಲ್ಲಿಗೂ ಇಲ್ಲಿಗೂ ಮೂರೂವರೆ ಗಂಟೆ ವ್ಯತ್ಯಾಸ, ಅಕ್ಟೋಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ನಾಲ್ಕೂವರೆ. ಅಲ್ಲಿ ಮಧ್ಯಾಹ್ನ ಮೂರು ಅಂದರೆ ಚಳಿಗಾಲದಲ್ಲಿ ಇಲ್ಲಿ ಸಂಜೆ ಏಳೂವರೆ, ಅತ್ತೆಯವರು ದೀಪ ಹಚ್ಚಿ ಕೂತಿರುವ ಹೊತ್ತು. ‘ಊಟ ಆಯ್ತಾ, ಶಾಲೆ ಹೇಗುಂಟು’ ಎಂದು ಕೇಳಿದರೆ ಮಗು ಎರಡು ನಿಮಿಷದಲ್ಲಿ ಓಡುತ್ತದೆ. ಅಜ್ಜಿ ಮಲ್ಲಿಗೆ ಕಟ್ಟುತ್ತಲೋ, ಬೀನ್ಸ್ ಮುರಿಯುತ್ತಲೋ ಕಥೆ ಹೇಳಲಿ, ಇವಳು ಆ ಕಡೆ ಚಿತ್ರ ಬಿಡಿಸಲಿ. ಒಟ್ಟಿಗೆ ಕೂತ ಹಾಗೆ ಇರಲಿ, ಮಾತು ತಾನಾಗಿ ಬರುತ್ತದೆ. ‘ಅಜ್ಜಿಗೆ ಜರ್ಮನ್‌ನಲ್ಲಿ ಒಂದು ಹಾಡು ಹೇಳು ನೋಡುವ’ ಎಂದು ಪ್ರದರ್ಶನ ಮಾಡಿಸಬೇಡಿ. ಅತ್ತೆಯವರಿಗೂ ಒಂದು ಮಾತು ಹೇಳಿ. ಫೋನ್‌ನಲ್ಲಿ ಕಣ್ಣೀರು ಬಂದರೆ ಬರಲಿ, ಆದರೆ ‘ನೀನಿಲ್ಲದೆ ನನಗೆ ಊಟ ಸೇರುವುದಿಲ್ಲ’ ಅನ್ನಬಾರದು. ಮಗು ಅದನ್ನು ತನ್ನ ತಪ್ಪು ಎಂದು ತಿಳಿಯುತ್ತದೆ.

ಮಗಳಿಗೆ ‘ಅಜ್ಜಿ ಬರುತ್ತಾರೆ’ ಎಂದು ಹೇಳುವುದಾದರೆ ಅದು ನಿಜವಾಗುವ ಹಾಗೆ ನೋಡಿಕೊಳ್ಳಿ. ಸಂದರ್ಶಕರ ಷೆಂಗೆನ್ ವೀಸಾದಲ್ಲಿ 180 ದಿನಗಳಲ್ಲಿ 90 ದಿನದವರೆಗೆ ಇರಬಹುದು. ಕನಿಷ್ಠ 30,000 ಯೂರೋ ಖರ್ಚು ಭರಿಸುವ ಪ್ರಯಾಣ ಆರೋಗ್ಯ ವಿಮೆ ಬೇಕು, ಖರ್ಚನ್ನು ನಿಮ್ಮ ಗಂಡ ವಹಿಸಿಕೊಳ್ಳುತ್ತಾರೆ ಅನ್ನುವುದಕ್ಕೆ ಅಲ್ಲಿನ ಕಚೇರಿಯಿಂದ ಪತ್ರ ಮಾಡಿಸಬೇಕು. ಮೊದಲ ಸಲ ಮುಂದಿನ ವರ್ಷದ ಮೇ ತಿಂಗಳಿಗೆ ಕರೆಸಿ, ಚಳಿಗಾಲ ಅವರಿಗೆ ಬೇಡ. ಅವರ ಪಾಸ್‌ಪೋರ್ಟ್ ಆಗಿದೆಯಾ? ಇಲ್ಲದಿದ್ದರೆ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ನೀವು ಹೊರಡುವ ಮೊದಲೇ ಕರೆದುಕೊಂಡು ಹೋಗಿ ಅರ್ಜಿ ಕೊಡಿಸಿ. ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ.